ಮೂರು ತೂತಿನ ಹೆಲ್ಮೆಟ್

ನಾನು ಒಂದು ಹೆಲ್ಮೆಟ್. ಬೈಕಿನವರದ್ದಲ್ಲ, ಗಗನಯಾತ್ರಿಯದ್ದು. ಅದೂ ಸಿನಿಮಾದ ಗಗನಯಾತ್ರಿಯದ್ದು. ಬೆಂಗಳೂರಿನ ಸ್ಟುಡಿಯೋ ಒಂದರ ಹಿಂದಿನ ಶೆಡ್ಡಿನಲ್ಲಿ, ಪ್ಲಾಸ್ಟರ್ ಅಚ್ಚಿನೊಳಗೆ ಫೈಬರ್ ಹಾಸಿ ನನ್ನನ್ನು ಮಾಡಿದರು. ಮುಖಕ್ಕೆ ತೆಳುವಾದ ಗಾಜು ಕೂರಿಸಿದರು. ಕೊನೆಗೆ ಗಲ್ಲದ ಬಳಿ ಡ್ರಿಲ್ಲಿನಿಂದ ಮೂರು ತೂತು ಕೊರೆದರು. ಬಹಳ ನೋವಾಯಿತು. ಅವು ಯಾಕೆಂದು ಆಗ ನನಗೆ ತಿಳಿದಿರಲಿಲ್ಲ.

ನನ್ನನ್ನು ಹಾಕಿಕೊಳ್ಳುತ್ತಿದ್ದವನು ಫೈಟರ್ ಕೆಂಪರಾಜು. ಹೀರೋ ಬದಲಿಗೆ ಏಟು ತಿನ್ನುವುದು ಅವನ ಕೆಲಸ. ಕಬ್ಬಿಣದ ಪೈಪು, ಬೂಟುಗಾಲು, ರಾಕೆಟ್ಟಿನ ತಗಡಿನ ಗೋಡೆ ಎಲ್ಲದರ ಏಟನ್ನೂ ಇಬ್ಬರೂ ಸೇರಿಯೇ ತಿಂದೆವು. ಒಮ್ಮೆ ಪೈಪು ಜಾರಿ ಅವನ ಭುಜಕ್ಕೆ ಬಿತ್ತು. "ಏನಿಲ್ಲ ಸಾರ್, ಒನ್ ಮೋರ್" ಎಂದು ಅವನು ಹೊರಗೆ ಕೂಗಿದ. ನನ್ನೊಳಗೆ ಮಾತ್ರ ಹಲ್ಲು ಕಚ್ಚಿ ಅವ್ವನನ್ನು ಕರೆದ.

ನಿರ್ದೇಶಕ ಭುವನೇಶನಿಗೆ ತನ್ನ ಸಿನಿಮಾದಲ್ಲಿ ವಿಜ್ಞಾನ ತಪ್ಪಬಾರದೆಂಬ ಹಟ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಳಿನಾಕ್ಷಿ ಮೇಡಂ ಅವರನ್ನು ಕರೆಸಿದ.

"ಬಾಹ್ಯಾಕಾಶದಲ್ಲಿ ಗಾಜು ಒಡೆದ ತಕ್ಷಣ ತಲೆ ಬಾಂಬ್ ಥರ ಸಿಡೀಬೇಕು ಮೇಡಂ!"

"ಸಿಡಿಯಲ್ಲ. ಕೆಲವೇ ಸೆಕೆಂಡಲ್ಲಿ ಪ್ರಜ್ಞೆ ತಪ್ಪುತ್ತೆ, ಆಮೇಲೆ ಸಾವು. ಕೂಗಿದ್ರೂ ಯಾರಿಗೂ ಕೇಳಲ್ಲ. ಸದ್ದು ಸಾಗೋಕೆ ಅಲ್ಲಿ ಗಾಳಿನೇ ಇಲ್ವಲ್ಲ." ಮೇಡಂ ನನ್ನನ್ನು ತಿರುಗಿಸಿ ನೋಡಿ ನಕ್ಕರು. "ಈ ತೂತಿನ ಹೆಲ್ಮೆಟ್ ಹಾಕ್ಕೊಂಡ್ರೆ ನಿಮ್ಮ ಹೀರೋಗೆ ವಿಲನ್ನೇ ಬೇಕಿಲ್ಲ, ಬಾಗಿಲು ದಾಟಿದ ಕೂಡಲೇ ಕಥೆ ಮುಗೀತು."

ಸೆಟ್ಟಿನವರೆಲ್ಲ ನಕ್ಕರು. ಭುವನೇಶ ನಗಲಿಲ್ಲ. ಮೇಡಂ ಹೋದ ಮೇಲೆ ಮೂರೂ ತೂತಿಗೆ ಪುಟ್ಟಿ ಮೆತ್ತಿಸಿ, ಕುತ್ತಿಗೆಗೆ ರಬ್ಬರ್ ಪಟ್ಟಿ ಬಿಗಿಸಿದ.

ಮಾರನೆಯ ದಿನ ಕೆಂಪರಾಜುವನ್ನು ತಂತಿಗೆ ಕಟ್ಟಿ ಮೇಲೆತ್ತಿದರು. ಬೆನ್ನಿನ ಮೇಲೆ ಆಮ್ಲಜನಕದ ಎರಡು ಸಿಲಿಂಡರ್. ಎರಡೂ ಬಣ್ಣ ಬಳಿದ ಖಾಲಿ ಡಬ್ಬಿಗಳು. ಕ್ಯಾಮೆರಾ ಚಾಲೂ ಆಯಿತು. ವಿಲನ್ ಕಡೆಯವರಿಬ್ಬರು ಪೈಪಿನಿಂದ ಬಾರಿಸತೊಡಗಿದರು. ಹೊರಗಿನ ಏಟು ನನಗೆ ಹೊಸತಲ್ಲ. ಆದರೆ ಒಳಗೆ ಅವನು ಬಿಟ್ಟ ಉಸಿರು ಹೋಗಲು ದಾರಿಯಿಲ್ಲದೆ ಅವನ ಮೂಗಿಗೇ ಮರಳುತ್ತಿತ್ತು. ಗಾಜು ಮಂಜಾಯಿತು. "ಸಾರ್, ಬಿಚ್ಚಿ! ಬಿಚ್ಚಿ ಸಾರ್!" ಎಂದು ಕಿರುಚಿದ. ಆ ಕಿರುಚಾಟ ನನ್ನ ಗೋಡೆ ದಾಟಲಿಲ್ಲ. ಅವನು ಎರಡೂ ಕೈಯಿಂದ ನನ್ನನ್ನು ಪರಚಿದ, ಗುದ್ದಿದ. ಉಗುರು ಕಿತ್ತು ರಕ್ತ ಬಂತು. ಅವನ ತಲೆ ಕಾಯಲೆಂದು ಹುಟ್ಟಿದ ನಾನೇ ಅವನ ಕತ್ತು ಹಿಸುಕುತ್ತಿದ್ದೆ.

"ಏನ್ ಆಕ್ಟಿಂಗ್ ಗುರೂ! ಹೊಡೀರೋ, ನಿಲ್ಲಿಸಬೇಡಿ!" ಎಂದ ಭುವನೇಶ.

ಶೂಟಿಂಗ್ ನೋಡಲು ಬಂದು ಮೂಲೆಯಲ್ಲಿ ನಿಂತಿದ್ದ ಮೇಡಂ ನನ್ನ ಗಲ್ಲವನ್ನೇ ದಿಟ್ಟಿಸಿದರು. "ತೂತು ಎಲ್ಲಿ?" ಎಂದರು. "ಅಯ್ಯೋ, ಅವನಿಗೆ ಉಸಿರು ಕಟ್ಟಿದೆ! ಇಳಿಸ್ರೋ!"

"ಮೇಡಂ, ಟೇಕ್ ನಡೀತಿದೆ!"

ಮೇಡಂ ನುಗ್ಗಿ ಬಂದು ಒಬ್ಬನ ಕೈಯಿಂದ ಪೈಪು ಕಿತ್ತುಕೊಂಡರು. ನನ್ನ ಮುಖಕ್ಕೆ ಬೀಸಿದರು. ಮೊದಲ ಏಟಿಗೆ ಬಿರುಕು. ಎರಡನೆಯದಕ್ಕೆ ನಾನು ಒಡೆದೆ. ಒಂದು ಚೂರು ಕೆಂಪರಾಜುವಿನ ಕೆನ್ನೆ ಸೀಳಿತು. ರಕ್ತದ ಜೊತೆಗೇ ಗಾಳಿ ಒಳಗೆ ನುಗ್ಗಿತು. ಅವನು ಅದನ್ನು ಗಬಗಬನೆ ನುಂಗಿದ.

ಮೇಡಂ ಏಟು ಬೀಳುವ ತನಕದ ಶಾಟನ್ನು ಸಿನಿಮಾದಲ್ಲಿ ಉಳಿಸಿಕೊಂಡರು, ಧಡಾರ್ ಎಂಬ ಸದ್ದು ಸೇರಿಸಿ. ಜನ ಶಿಳ್ಳೆ ಹೊಡೆದರಂತೆ. ನನ್ನನ್ನು ಗುಜರಿಗೆ ಎಸೆಯುವಾಗ ಮೇಡಂ ಕೇಳಿ ತಂದರು. ಈಗ ನಾನು ಅವರ ಲ್ಯಾಬಿನ ಬೀರುವಿನ ಮೇಲಿದ್ದೇನೆ. ಒಮ್ಮೆ ಕೆಂಪರಾಜು ನನ್ನನ್ನು ನೋಡಲು ಬಂದಿದ್ದ, ಕೆನ್ನೆಯ ಗಾಯದ ಗುರುತು ಸಮೇತ.

"ನಾನು ಸಾಯೋ ಸೀನ್ ಸಖತ್ತಾಗಿದೆಯಂತೆ. ನೋಡಿದ್ರಾ ಮೇಡಂ?"

"ಇಲ್ಲಪ್ಪ. ಒಂದ್ಸಲ ನೋಡಿದೀನಲ್ಲ."

ನನಗೀಗ ಮುಖವಿಲ್ಲ. ಗಾಳಿ ಬೇಕಾದಂತೆ ಬಂದು ಹೋಗುತ್ತದೆ. ಆದರೂ ಯಾವುದಾದರೂ ಹುಡುಗಿ ತಮಾಷೆಗೆ ನನ್ನನ್ನು ತಲೆಗೇರಿಸಿದರೆ ಸಾಕು, ಬೋರ್ಡಿನ ಮೇಲೆ ಬರೆಯುತ್ತಿರುವ ಮೇಡಂ ಚಾಕ್ ಕೆಳಗಿಟ್ಟು ಹತ್ತಿರ ಬಂದು ನಿಲ್ಲುತ್ತಾರೆ, ಅವಳು ನನ್ನನ್ನು ತೆಗೆಯುವ ತನಕ.