ನವಿಲಿನ ಕತ್ತು

ಕಡಲೆಕಾಯಿ ಕೀಳುವ ಕಾಲ, ಐವತ್ತೊಂಬತ್ತನೇ ಇಸವಿ. ಬಡವನಹಳ್ಳಿಯ ಹೆಂಗಸರೆಲ್ಲ ಹೊಲದಲ್ಲಿದ್ದರೆ, ಶಿರಾದ ಕುತುಬುದ್ದೀನ್ ಚಾವಡಿಯ ಬಾಗಿಲು ಮುಚ್ಚಿಕೊಂಡು ಗಾಜು ಕೊಯ್ಯುತ್ತಿದ್ದ. ಇಪ್ಪತ್ತು ವರ್ಷದಿಂದ ಅವನದು ಇದೇ ಕೆಲಸ. ಉರುಸಿಗೆ, ಮದುವೆಗೆ ಬಣ್ಣದ ಗಾಜಿನ ಕಮಾನು ಕಟ್ಟಿ, ಹಿಂದೆ ಬೆಳ್ಳಗೆ ಉರಿಯುವ ಗ್ಯಾಸ್‌ಲೈಟು ಇಡುವುದು. ಪಾವಗಡದವರೂ ಗಾಡಿ ಕಳಿಸಿ ಕರೆಸುತ್ತಿದ್ದರು. ಈ ಸಲದ ಕಮಾನು ಬಡವನಹಳ್ಳಿಗೆ ಕರೆಂಟು ಬರುವ ದಿನಕ್ಕೆ.

ಕಮಾನಿನ ನಡುವೆ ಕೂರಿಸುವ ನವಿಲಿನ ಕತ್ತಿಗೆ ನೀಲಿ ಗಾಜು ಸಾಲಲಿಲ್ಲ. ಅದನ್ನು ಕೇಳಿ ಚಿಕ್ಕಹನುಮಕ್ಕ ಸೆರಗಿನಲ್ಲಿ ಎರಡು ಡಜನ್ ನೀಲಿ ಬಳೆ ಕಟ್ಟಿಕೊಂಡು ಬಂದಳು. ಬಸುರಿ ಮಗಳ ಏಳು ತಿಂಗಳ ಶಾಸ್ತ್ರಕ್ಕೆ ಕೊಂಡಿದ್ದವು. ತೊಡಿಸುವ ಮೊದಲೇ ಮಗಳು ತೀರಿಹೋಗಿದ್ದಳು.

“ಅಂಥೋಳಿಗೆ ತಂದಿದ್ನ ಯಾರೂ ತೊಡಾಕಿಲ್ಲ ಸಾಬಣ್ಣ. ಕೆರೆಗೆ ಹಾಕು ಅಂತಾರೆ, ಕೈ ಬರಾಕಿಲ್ಲ. ಬೆಳಕ್ನಾಗೆ ಒಂದ್ಸಲ ಊರೆಲ್ಲ ನೋಡ್ಲಿ.”

“ತೋರಿಸ್ತೀನಿ ಅಕ್ಕ. ಅದು ನನ್ ಮೇಲೆ.”

ಬಳೆಗಳನ್ನು ಉಗುರಿನಷ್ಟು ತುಂಡು ಮಾಡಿ, ಗರಿಯ ಹಾಗೆ ಒಂದರ ಮೇಲೊಂದು ಅಂಟಿಸಿದ. ಹಿಂದೆ ಗ್ಯಾಸ್‌ಲೈಟು ಹಿಡಿದಾಗ ಕತ್ತು ಝಗ್ಗೆಂದಿತು. ಶಿರಾದ ಅವನ ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಬೇರೆ ಬೆಳಕಿನಲ್ಲೂ ನೋಡಬೇಕೆಂದು ಅವನಿಗೆ ತೋಚಲಿಲ್ಲ.

ಕರೆಂಟು ಬರುವ ದಿನದ ಸಂಜೆ, ಅದಕ್ಕೆಂದೇ ಬಂದಿದ್ದ ಸರ್ಕಾರಿ ಸಾಹೇಬರು ಗುಂಡಿ ಒತ್ತಿದರು. ಕಮಾನಿನ ಹಿಂದೆ ಬಲ್ಬುಗಳು ವೋಲ್ಟೇಜ್ ಸಾಲದೆ ಮಂಕಾಗಿ, ಕೆಂಪಗೆ ಹೊತ್ತಿಕೊಂಡವು. ಕೆಂಪು ಗಾಜು ಬೆಳಗಿತು, ಹಳದಿ ಬೆಳಗಿತು. ಜನ ಹೋ ಎಂದರು. ಆ ಕೆಂಪು ಬೆಳಕು ನೀಲಿ ಗಾಜನ್ನು ದಾಟದೆ, ನವಿಲಿನ ಕತ್ತು ಮಾತ್ರ ಸುಟ್ಟ ಕೊರಡಿನಂತೆ ನಿಂತಿತ್ತು.

“ಎಲ್ಲಿ ಸಾಬಣ್ಣ, ನನ್ ಮಗಳ ಬಳೆ?” ಎಂದಳು ಚಿಕ್ಕಹನುಮಕ್ಕ.

ಅವನು ಬೆರಳು ತೋರಿಸಿದ.

“ಅದು ಕರ್ರಗೈತಲ್ಲ.”

“ನಿಂತ್ಕೊ ಅಕ್ಕ, ಗ್ಯಾಸ್‌ಲೈಟ್ ತರ್ತೀನಿ.”

ಪಂಚಾಯ್ತಿ ಛೇರ್ಮನ್ ಮಹಾಲಿಂಗಯ್ಯ ಅಡ್ಡ ಬಂದರು. “ಕರೆಂಟ್ ಬಂದ ದಿನಾನೇ ಗ್ಯಾಸ್‌ಲೈಟಾ? ಸಾಹೇಬ್ರ ಮುಂದೆ ಮಾನ ಕಳೀಬ್ಯಾಡ ಕಣಯ್ಯ. ಕತ್ತು ಕಾಣ್ದಿದ್ರೆ ನಿನ್ ನವಿಲೇನು ಹಾರೋಯ್ತದಾ?”

ಸುತ್ತಲಿದ್ದವರು ನಕ್ಕರು.

“ಓಗ್ಲಿ, ವಾಪಸ್ ಕೊಟ್ಬುಡಣ್ಣ,” ಎಂದಳು ಅವಳು.

“ತುಂಡು ಮಾಡ್ಬುಟ್ಟಿದೀನಲ್ಲ ಅಕ್ಕ.”

ಅವಳು ಹೊರಟುಹೋದಳು.

ಬೆಳಗ್ಗೆ ಕಮಾನಿನ ಬೆನ್ನಿಗೆ ಬಿಸಿಲು ಬಿತ್ತು. ಕತ್ತು ನೀಲಿಯಾಯಿತು. ಕೆಳಗಿನ ಮಣ್ಣಿನ ಮೇಲೂ ಅಂಗೈಯಗಲ ನೀಲಿ ಬಿದ್ದಿತ್ತು. ಕುತುಬುದ್ದೀನ್ ಹೊಲಕ್ಕೆ ಓಡಿದ. ಚಿಕ್ಕಹನುಮಕ್ಕ ಗುಡ್ಡೆಯ ಮುಂದೆ ಕೂತು ಕಾಯಿ ಬಿಡಿಸುತ್ತಿದ್ದಳು.

“ಬಾ ಅಕ್ಕ, ಈಗ ಕಾಣ್ತದೆ.”

ಅವಳು ತಲೆ ಎತ್ತಲಿಲ್ಲ. “ಬಿಸಿಲ್ನಾಗೆ ನೋಡಾಕೆ ಮನೇಲೇ ಇದ್ವಲ್ಲ ಸಾಬಣ್ಣ. ಇಡಿಯಾಗಿ.”

ಅವಳ ಕೈ ನಿಲ್ಲಲಿಲ್ಲ. ಮಧ್ಯಾಹ್ನದೊಳಗೆ ಕಮಾನು ಬಿಚ್ಚಬೇಕಿತ್ತು. ಶಿರಾಕ್ಕೆ ಹೋಗುವ ಗಾಡಿ ಕಾಯುತ್ತಿತ್ತು.