ಫಿಲ್ಟರ್ ಕೆಳಗೆ ತುರುಕಿದ ಟ್ಯೂಬು

"ಏಳನೇ ಕ್ಲಾಸ್ ದಾಟೋಕಾಗದವನು ನನ್ನ ಲಾರಿಗೆ ಪಾಠ ಹೇಳ್ತಾನೆ, ಕೇಳ್ರಪ್ಪಾ! ಹೋಗೋ, ಮೊದಲು ಮೂಗು ಒರೆಸ್ಕೊ!"

ನಮ್ಮ ಅಕ್ಕನ ಗಂಡ ಹೀಗೆಂದದ್ದು ನಾನು ಕೆಲಸ ಮಾಡುವ ಗ್ಯಾರೇಜಿನಲ್ಲಿ, ನಾಲ್ಕು ಜನ ಡ್ರೈವರುಗಳ ಎದುರಿಗೆ. ಎಲ್ಲರೂ ಕಿಸಕ್ಕನೆ ನಕ್ಕರು. ಪಂಕ್ಚರ್ ಹಾಕುವ ತಾತನೂ ನಕ್ಕ.

ನಾನು ಹೇಳಿದ್ದು ಇಷ್ಟೇ. ಭಾವ ಲಾರಿಗೆ ಬೇರೆ ಕಂಪನಿಯ ಏರ್ ಫಿಲ್ಟರ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯ ಧೂಳು ಸೋಸುವ ಸಾಧನ, ತಂದಿದ್ದರು. ಬೇರೆ ಕಂಪನಿಯದು ತಂದದ್ದು ತಪ್ಪಲ್ಲ, ಅಳತೆ ಸರಿಯಿದ್ದರೆ ಅದೂ ದುಡಿಯುತ್ತದೆ. ಆದರೆ ಇದು ಹಳೆಯದಕ್ಕಿಂತ ಒಂದು ಬೆರಳು ಗಿಡ್ಡ. ನಟ್ಟನ್ನು ಕೊನೆಯವರೆಗೆ ತಿರುಗಿಸಿದರೂ ಫಿಲ್ಟರ್ ಒತ್ತಿ ಕೂರುತ್ತಿರಲಿಲ್ಲ. ಅದಕ್ಕೆ ಭಾವ, ನಮ್ಮ ಲಾರಿಯವರೆಲ್ಲ ಮಾಡುವ ಹಾಗೆ, ಹಳೆಯ ಟೈರಿನ ಟ್ಯೂಬು ಕತ್ತರಿಸಿ, ಮಡಚಿ, ಅದರ ಕೆಳಗೆ ತುರುಕಿದ್ದರು.

"ಭಾವ, ಟ್ಯೂಬಿನ ಮಡಿಕೆ ಸಂದಿಯಿಂದ ಧೂಳು ಒಳಗೆ ಹೋಗುತ್ತೆ. ವಾಪಸ್ ಕೊಟ್ಟು ಸರಿಯಾದ್ದು ತನ್ನಿ" ಅಂದೆ.

"ಗಾಳಿ ತಾನೇನೋ? ಗಾಳಿಗೆ ಯಾವ ಟೈಲರು ಅಳತೆ ತಗೊಳ್ತಾನೆ?"

"ನೀವು ಹೊರೋದು ಕಲ್ಲುಪುಡಿ. ಅದು ಎಂಜಿನ್ ಒಳಗೆ ಹೋದ್ರೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೆ."

ಅದಕ್ಕೇ ಮೂಗು ಒರೆಸ್ಕೊ ಅನ್ನುವ ಆ ಮಾತು ಬಂದದ್ದು. ಭಾವ ಲಾರಿ ಹತ್ತಿ ಹೋಗಿಬಿಟ್ಟರು.

ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಹಿಟ್ಟಿನ ಡಬ್ಬಿ ತುಂಬುತ್ತಿದ್ದಳು. "ಏನೋ ಅದು, ನಿಮ್ಮಿಬ್ಬರದು ಮತ್ತೆ ಶುರುವಾಯ್ತಾ?" ಎಂದು ಕೇಳಿದಳು. ನಾನು ಚಿಕ್ಕ ಡಬ್ಬಿಯೊಂದರ ಮುಚ್ಚಳವನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು, ಸುತ್ತ ಬಟ್ಟೆ ತುರುಕಿದೆ.

"ಹೀಗಿಟ್ರೆ ಇರುವೆ ಬರಲ್ವಾ ಅಕ್ಕ?"

"ಬರದೇ ಇರುತ್ತಾ? ಬನ್ನಿ ಅಂತ ಕರೆದ ಹಾಗೆ."

ಭಾವ ಫಿಲ್ಟರಿಗೆ ಮಾಡಿದ್ದೂ ಇದನ್ನೇ ಅಂದೆ. ಅಡುಗೆಮನೆಯಲ್ಲಿ ನಿಂತವಳಿಗೆ ಒಂದೇ ನಿಮಿಷಕ್ಕೆ ಅರ್ಥವಾಯಿತು. ಊಟಕ್ಕೆ ಕೂತ ಭಾವನಿಗೆ ಹೇಳಿಯೂ ನೋಡಿದಳು.

"ತಮ್ಮನ ಪರ ವಕಾಲತ್ತು ಬೇಡ ಕಣೇ. ಹದಿನೈದು ವರ್ಷ ಕಂಡೋರ ಲಾರಿ ಓಡಿಸಿ, ಈಗ ನನ್ನದು ಅಂತ ಒಂದು ಮಾಡ್ಕೊಂಡಿದೀನಿ. ನನಗೆ ಗೊತ್ತಾಗಲ್ವಾ?"

"ಇರೋದು ಅದೊಂದೇ ಅಂತಾನೇ ಹೇಳ್ತಿರೋದು" ಅಂದಳು ಅಕ್ಕ. ಭಾವ ಕೈ ತೊಳೆದು ಎದ್ದರು.

ಎರಡು ತಿಂಗಳಿಗೆ ಲಾರಿ ನೀಲಿ ಹೊಗೆ ಉಗುಳತೊಡಗಿತು. ದಿನಾ ಆಯಿಲ್ ಕುಡಿಯಿತು. ಲೋಡು ಹೊತ್ತು ದಿಬ್ಬ ಹತ್ತಲಾರದೆ ಏದುಸಿರು ಬಿಟ್ಟಿತು. ಗ್ಯಾರೇಜಿಗೆ ತಂದಾಗ ಎಂಜಿನ್ ಆಫ್ ಮಾಡಿಸಿ, ಫಿಲ್ಟರಿನಿಂದ ಎಂಜಿನ್‌ಗೆ ಹೋಗುವ ಪೈಪು ಬಿಚ್ಚಿದೆ. ಬಿಳಿ ಬಟ್ಟೆಯೊಂದನ್ನು ಭಾವನ ಕೈಗೇ ಕೊಟ್ಟೆ. "ಒಳಗೆ ಒರೆಸಿ."

ಬಟ್ಟೆ ಬೂದಿ ಬಣ್ಣವಾಗಿ ಹೊರಬಂತು. ಭಾವ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಗರಗರ ಅಂತು. ಫಿಲ್ಟರ್ ಬಿಚ್ಚಿ ನೋಡಿದರೆ ಟ್ಯೂಬಿನ ತುಂಡು ಅಲುಗಾಟಕ್ಕೆ ಪಕ್ಕಕ್ಕೆ ಸರಿದಿತ್ತು. ಅಲ್ಲಿದ್ದ ಸಂದಿ ಉಗುರಿನಷ್ಟು, ಅಷ್ಟೇ. ನಮ್ಮ ಗ್ಯಾರೇಜಿನ ಮೇಸ್ತ್ರಿ ಎಂಜಿನ್ ಬಿಚ್ಚಿ ನೋಡಿ, "ಒಳಗೆಲ್ಲಾ ಸವೆದುಹೋಗಿದೆ. ಇದರ ಆಯುಸ್ಸು ಮುಗೀತು" ಅಂದರು.

"ಇನ್ಮೇಲಾದ್ರೂ ಅಳತೆ ನೋಡದೆ ಏನೂ ಹಾಕಬೇಡಿ" ಎಂದು ಮನೆಯಲ್ಲಿ ಅಕ್ಕ ಅತ್ತಳು. ಭಾವ ತಲೆಯಾಡಿಸಿದರು. ತಲೆಯಾಡಿಸಿದರೆ ಎಂಜಿನ್ ಎದ್ದು ಕೂರುತ್ತದೆಯೇ? ಬೇರೆ ಎಂಜಿನ್ ಹಾಕಿಸಲು ದುಡ್ಡಿರಲಿಲ್ಲ, ಲಾರಿ ಗುಜರಿಗೆ ಹೋಯಿತು. ಭಾವ ಮತ್ತೆ ಕಂಡವರ ಲಾರಿ ಹತ್ತಿದರು.

ಲಾರಿ ಇಟ್ಟುಕೊಂಡ ಅಣ್ಣಂದಿರೇ, ಕೈಮುಗಿದು ಹೇಳುವಷ್ಟು ತಾಳ್ಮೆ ನನಗಿಲ್ಲ, ಬೈದೇ ಹೇಳುತ್ತೇನೆ. ಅಂಗಡಿಗೆ ಹಳೆಯ ಫಿಲ್ಟರನ್ನು ಹೊತ್ತುಕೊಂಡು ಹೋಗಿ. ಹೊಸದನ್ನು ಪಕ್ಕದಲ್ಲಿಟ್ಟು ಎತ್ತರ, ಬಾಯಿಯ ಅಗಲ, ಅಂಚಿನ ರಬ್ಬರು ಮೂರನ್ನೂ ಹೋಲಿಸಿ. ಹಾಕುವ ಮುಂಚೆ ಅದು ಕೂರುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ರಬ್ಬರು ಸುತ್ತಲೂ ಒತ್ತಿ ಕೂರಬೇಕು. ನಟ್ಟು ಬಿಗಿದ ಮೇಲೆ ಫಿಲ್ಟರನ್ನು ಹಿಡಿದು ತಿರುಗಿಸಿ. ಅಲ್ಲಾಡಿದರೆ ಅದು ನಿಮ್ಮ ಲಾರಿಯದಲ್ಲ, ವಾಪಸ್ ಕೊಡಿ. ಟ್ಯೂಬು, ರಟ್ಟು, ಚಿಂದಿ ಯಾವುದನ್ನೂ ತುರುಕಬೇಡಿ. ಎಂಜಿನ್‌ಗೆ ಹೋಗುವ ಪೈಪಿನ ಕ್ಲಿಪ್ಪುಗಳನ್ನೂ ಬಿಗಿ ಮಾಡಿ. ನಾಲ್ಕು ದಿನ ಓಡಿಸಿದ ಮೇಲೆ ಎಂಜಿನ್ ಆಫ್ ಮಾಡಿ, ಆ ಪೈಪು ಬಿಚ್ಚಿ, ಒಳಗೆ ಬಿಳಿ ಬಟ್ಟೆ ಆಡಿಸಿ ನೋಡಿ. ಬಟ್ಟೆಗೆ ಧೂಳು ಹತ್ತಿದರೆ ಅವತ್ತೇ ಲಾರಿ ನಿಲ್ಲಿಸಿ. ನಾಳೆ ನೋಡೋಣ ಅನ್ನಬೇಡಿ.

ಹೋದ ವಾರ ಭಾವ ತಮ್ಮ ಧಣಿಯ ಲಾರಿ ತಂದು ನಮ್ಮ ಗ್ಯಾರೇಜಿನಲ್ಲಿ ನಿಲ್ಲಿಸಿದರು. ನಾನು ಅದರ ಫಿಲ್ಟರ್ ಬಿಗಿಯುತ್ತಿದ್ದೆ. ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ ಅಂದರು:

"ಅಷ್ಟೆಲ್ಲಾ ಗೊತ್ತಿತ್ತಲ್ಲೋ ನಿನಗೆ. ಲಾರಿ ಮುಂದೆ ಅಡ್ಡ ಮಲಗಿಯಾದ್ರೂ ಯಾಕೆ ತಡೀಲಿಲ್ಲ?"

ಫಿಲ್ಟರ್ ಹಿಡಿದು ತಿರುಗಿಸಿದೆ. ಅಲ್ಲಾಡಲಿಲ್ಲ. ಮುಚ್ಚಳ ಹಾಕಿ, ಕೈಯಲ್ಲಿದ್ದ ಸ್ಪಾನರನ್ನು ಬೆಂಚಿನ ಮೇಲಿಟ್ಟು, ರಸ್ತೆಗಿಳಿದು ನಡೆದುಬಿಟ್ಟೆ.