ಒಂಬತ್ತು ತುಂಡಿನ ಕಮಾನು

"ಅಚ್ಚು ತೆಗೀಲಾ?" ಎಂದು ನಕ್ಷೆ ಅಕ್ಕ ಕೇಳಿದ್ದೇ ತಡ, ಮಕ್ಕಳೆಲ್ಲ "ತೆಗೀರಿ, ತೆಗೀರಿ!" ಎಂದು ಕೂಗಿದರು. ಶಾಲೆಯ ಅಂಗಳ ಗುಡಿಸುತ್ತಿದ್ದ ಅಜ್ಜಿ ಪೊರಕೆ ನಿಲ್ಲಿಸಿ ನೋಡಿದಳು. ಎರಡು ಕಲ್ಲುಕಟ್ಟೆಗಳ ನಡುವೆ ಮಕ್ಕಳ ಸೊಂಟದೆತ್ತರದ ಒಂದು ಮರದ ಕಮಾನು. ಅಂಟಿಲ್ಲ, ಮೊಳೆಯಿಲ್ಲ. ಒಂಬತ್ತು ತುಂಡುಗಳನ್ನು ಒಂದಕ್ಕೊಂದು ಒರಗಿಸಿ, ಕೆಳಗೆ ಅರ್ಧಚಂದ್ರದಂಥ ಹಲಗೆಯ ಅಚ್ಚು ಕೊಟ್ಟು ನಿಲ್ಲಿಸಿದ್ದರು. ಕಟ್ಟಡಗಳ ನಕ್ಷೆ ಬರೆಯುವ ಈ ಹೆಂಗಸು ಶನಿವಾರಗಳಂದು ಬಂದು ಮಕ್ಕಳಿಗೆ ಕಟ್ಟುವುದನ್ನು ಕಲಿಸುತ್ತಿದ್ದಳು. ಕಲಿಸುವುದೇನು ಬಂತು, ಅಜ್ಜಿಯ ಪಾಲಿಗೆ ಅದು ಅಂಗಳದ ತುಂಬ ಮರದ ಹೊಟ್ಟು ಚೆಲ್ಲುವ ವಿದ್ಯೆ.

ಗುಂಪಿನಿಂದ ಹತ್ತು ಮಾರು ದೂರದಲ್ಲಿ ಅಜ್ಜಿಯ ಮೊಮ್ಮಗಳು ಒಬ್ಬಳೇ ನಿಂತಿದ್ದಳು. ನಾಲ್ಕು ತಿಂಗಳ ಹಿಂದೆ ಒಂದು ಸಂಜೆ ಅವರ ಮನೆಯ ಗೋಡೆ ಚಾವಣಿಯನ್ನೂ ಎಳೆದುಕೊಂಡು ಕುಸಿದಿತ್ತು. ಎಲ್ಲರೂ ಹೊರಗಿದ್ದುದರಿಂದ ಯಾರ ಕೂದಲೂ ಕೊಂಕಲಿಲ್ಲ. ಆದರೆ ಅಂದಿನಿಂದ ಹುಡುಗಿ ಯಾವ ಸೂರಿನ ಕೆಳಗೂ ಕೂರುತ್ತಿರಲಿಲ್ಲ. ಹೊಸ್ತಿಲ ಹೊರಗೆ ಕೂತು ಪಾಠ ಕೇಳುತ್ತಿದ್ದಳು, ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಮಲಗುತ್ತಿದ್ದಳು. ಈಗ ಚಳಿ ಶುರುವಾಗಿ ಕೆಮ್ಮು ಎದೆಗಿಳಿದಿತ್ತು. "ಹಣೆಬರಹ ಕಣೇ, ಬೀಳೋದಿತ್ತು, ಬಿತ್ತು" ಎಂದು ಅಜ್ಜಿ ಸಮಾಧಾನ ಹೇಳಿದಷ್ಟೂ ಹುಡುಗಿ ಇನ್ನಷ್ಟು ಹೊರಕ್ಕೆ ಸರಿಯುತ್ತಿದ್ದಳು.

ನಕ್ಷೆ ಅಕ್ಕ ಅಚ್ಚನ್ನು ಮೆಲ್ಲಗೆ ಇಳಿಸಿದಳು. ಕಮಾನು ನಿಂತಂತೆ ಮಾಡಿ, ನಡುವೆ ತಗ್ಗಿ, ದಡದಡನೆ ಒಂಬತ್ತೂ ತುಂಡುಗಳಾಗಿ ನೆಲಕ್ಕುರುಳಿತು.

"ನಂಗೊತ್ತಿತ್ತು," ಎಂದಳು ಮೊಮ್ಮಗಳು ದೂರದಿಂದಲೇ. "ಎಲ್ಲಾ ಬೀಳತ್ತೆ."

"ಕಾರಣ ಇಲ್ದೆ ಯಾವ್ದೂ ಬೀಳಲ್ಲಮ್ಮ," ಎಂದಳು ನಕ್ಷೆ ಅಕ್ಕ. "ಬಾ, ಇದ್ಯಾಕೆ ಬಿತ್ತು ಅಂತ ನೀನೇ ಹುಡುಕು."

ಬಿದ್ದಾದ ಮೇಲೆ ಹುಡುಗಿಗೆ ಅಂಜಿಕೆಯಿರಲಿಲ್ಲ. ಬಂದು ಕುಕ್ಕರಗಾಲಲ್ಲಿ ಕೂತು, ಒಂದೊಂದೇ ತುಂಡನ್ನು ರಟ್ಟಿನ ಅಳತೆಯ ಮೇಲಿಟ್ಟು ನೋಡಿದಳು. ಎಂಟು ಸರಿಯಾಗಿದ್ದವು. ನಡುನೆತ್ತಿಯಲ್ಲಿ ಕೂರಬೇಕಾದ ಒಂಬತ್ತನೆಯದು ಬೆರಳಿನಗಲ ಕಿರಿದಾಗಿತ್ತು.

"ಅದೇ ಎಲ್ಲರಿಗೂ ಕಾಣೋದಲ್ವಾ ಅಕ್ಕಾ," ಎಂದು ಒಬ್ಬ ತಲೆ ತಗ್ಗಿಸಿದ. "ನುಣ್ಣಗಿರ್ಲಿ ಅಂತ ವಾರವೆಲ್ಲ ಸರದಿ ಮೇಲೆ ಉಜ್ಜಿದ್ವಿ."

"ಮುದ್ದು ಜಾಸ್ತಿ ಆಯ್ತು!" ಎಂದು ಅಕ್ಕ ನಕ್ಕಳು. ಎಲ್ಲರೂ ನಕ್ಕರು. ಹುಡುಗಿ ಮಾತ್ರ ಆ ನುಣುಪಾದ ತುಂಡನ್ನು ಕೈಯಲ್ಲೇ ಹಿಡಿದಿದ್ದಳು.

"ನಮ್ಮನೆಗೂ ಕಾರಣ ಇತ್ತಾ?"

ಅಕ್ಕ ಅಜ್ಜಿಯ ಮುಖ ನೋಡಿದಳು. ಅಜ್ಜಿ ಪೊರಕೆ ಕೆಳಗಿಟ್ಟಳು. "ಇತ್ತು. ಹಿತ್ತಲ ಚರಂಡಿ ಒಡೆದು ಎರಡು ವರ್ಷದಿಂದ ನೀರು ಪಾಯಕ್ಕೇ ಇಳೀತಿತ್ತು. ನಾಳೆ ಸರಿ ಮಾಡಿಸೋಣ, ನಾಳಿದ್ದು ಮಾಡಿಸೋಣ ಅಂತ ನಾನೇ ತಳ್ಳಿಕೊಂಡು ಬಂದೆ." ಯಾರೆದುರೂ ಒಪ್ಪಿಕೊಳ್ಳದೆ ಹಣೆಬರಹದ ತಲೆಗೆ ಕಟ್ಟಿದ್ದ ತಪ್ಪು ಅದು.

"ಹಾಗಾದ್ರೆ ನಾನು ಬಾಗಿಲು ದಢಾರ್ ಅಂತ ಬಡಿದಿದ್ದಕ್ಕಲ್ವಾ?"

ಆ ಸಂಜೆ ಹುಡುಗಿ ಮುನಿಸಿಕೊಂಡು ಬಾಗಿಲು ಬಡಿದು ಅಂಗಳಕ್ಕೆ ಓಡಿದ್ದಳು. ಇಷ್ಟು ದಿನ ಇದನ್ನು ಎದೆಯಲ್ಲಿಟ್ಟುಕೊಂಡಿತ್ತಲ್ಲ ಮಗು ಎಂದುಕೊಳ್ಳುತ್ತ ಅಜ್ಜಿ ಅವಳ ಪಕ್ಕ ಕೂತಳು. "ಅಯ್ಯೋ ಹುಚ್ಚಿ, ನಿನ್ನ ಬೈಯೋಕೆ ಅಂತಲೇ ನಾವೆಲ್ಲ ಹೊರಗೆ ಬಂದಿದ್ದು. ಇಲ್ದಿದ್ರೆ ಒಳಗೇ ಇರ್ತಿದ್ವಿ!"

ಹುಡುಗಿ ಮೂಗು ಒರೆಸಿಕೊಂಡು, ಉಳಿದ ಮರದಲ್ಲಿ ಮೂರು ಸಲ ಅಳತೆ ಹಾಕಿ, ಅಕ್ಕನ ಜೊತೆ ಗರಗಸ ಹಿಡಿದು ಹೊಸ ತುಂಡು ಕೊಯ್ದಳು. ಮತ್ತೆ ಅಚ್ಚು, ಮತ್ತೆ ಒಂಬತ್ತು ತುಂಡು. ಈ ಸಲ ಅಚ್ಚು ಇಳಿಸಿದಾಗ ಕಮಾನು ಕಿರ್ ಎಂದು ಕೂದಲೆಳೆಯಷ್ಟು ತಗ್ಗಿ, ನಿಂತಿತು. ನಿಂತೇಬಿಟ್ಟಿತು! ಕೆಳಗೆ ಬರೀ ಗಾಳಿ.

ಅಕ್ಕ ಮೇಲೆ ಹತ್ತಿ ಕುಣಿದು ತೋರಿಸಿದಳು. "ಭಾರ ಬಿದ್ದಷ್ಟೂ ಒಂದನ್ನೊಂದು ಒತ್ತಿ ಹಿಡ್ಕೊಳ್ತವೆ."

"ಈಗ ಅಜ್ಜಿ!" ಎಂದಳು ಮೊಮ್ಮಗಳು.

"ನಾನು ಹತ್ತಿದ್ರೆ ಭೂಮಿನೇ ಬಾಗತ್ತೆ, ಬಿಡ್ರೇ," ಎಂದರೂ ಅಜ್ಜಿ ಚಪ್ಪಲಿ ಕಳಚಿ, ಅಕ್ಕನ ಭುಜ ಹಿಡಿದು ಹತ್ತಿದಳು. ನೆತ್ತಿಯ ಮೇಲೆ ನಿಂತು ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಅಂಗಾಲಿನ ಕೆಳಗೆ ಮರ ಬಂಡೆಯ ಹಾಗಿತ್ತು. ಇಷ್ಟು ವರ್ಷ ಎಷ್ಟೊಂದು ಕೋಣೆ ಗುಡಿಸಿದರೂ ತಲೆಯ ಮೇಲಿನದನ್ನು ಯಾವುದು ಹಿಡಿದಿದೆ ಎಂದು ಒಂದು ದಿನವೂ ಕೇಳಿರಲಿಲ್ಲವಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು.

ಕಣ್ಣು ತೆರೆದರೆ ಮೊಮ್ಮಗಳು ಕಾಣಲಿಲ್ಲ. ಮಕ್ಕಳೆಲ್ಲ ಅಜ್ಜಿಯ ಕಾಲ ಕೆಳಗೆ ನೋಡುತ್ತಿದ್ದರು. ಕಮಾನಿನಡಿಯಿಂದ ಎರಡು ಪುಟ್ಟ ಪಾದಗಳು ಹೊರಚಾಚಿದ್ದವು.

ಅಜ್ಜಿ ಇಳಿಯಲು ಅಕ್ಕನತ್ತ ಕೈ ಚಾಚಿದಳು.

"ಇಳೀಬೇಡ ಅಜ್ಜಿ," ಎಂದಿತು ಕೆಳಗಿನ ದನಿ. "ಇನ್ನೊಂಚೂರು ಹೊತ್ತು ನಿಂತಿರು."

ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು. ಮಕ್ಕಳು ಒಬ್ಬೊಬ್ಬರಾಗಿ ನೆಲದ ಮೇಲೆ ಬೋರಲು ಮಲಗಿ ಒಳಗೆ ಇಣುಕತೊಡಗಿದರು. ಅವಳು ತನ್ನ ಭಾರವನ್ನೆಲ್ಲ ಎರಡೂ ಪಾದಗಳ ಮೇಲೆ ಸಮನಾಗಿ ಬಿಟ್ಟು, ಅಲುಗದೆ ನಿಂತಳು.